ಹಂಗಾಮಿನ ಪರವಾನಗಿ ನವೀಕರಣ: ಉದ್ಯಾನದ ಮುಂದೆ ಗಾಡಿ ಹಚ್ಚುವವರ ಅನುಭವ

ಬೇಸಿಗೆಗೆ ಉದ್ಯಾನದ ಮುಂದೆ ಗಾಡಿ ಹಚ್ಚುವವರಲ್ಲಿ ಹೆಚ್ಚಿನವರು ಶಿವರಾತ್ರಿ ಆದ ಮೇಲೆ ಪರವಾನಗಿ ನವೀಕರಣಕ್ಕೆ ಓಡಾಡಲು ಶುರು ಮಾಡುತ್ತಾರೆ. ಅದು ತಡ. ಬಿಸಿಲು ಏರುವ ಹೊತ್ತಿಗೆ ಕಬ್ಬಿನ ಗಾಣ ತಿರುಗಬೇಕು ಅಂದರೆ ಅರ್ಜಿ ಸಂಕ್ರಾಂತಿಯ ಆಚೀಚೆಗೇ ಪಾಲಿಕೆ ಕಚೇರಿಯ ಆವಕ ಪುಸ್ತಕದಲ್ಲಿ, ಅಂದರೆ ಬಂದ ಕಾಗದಗಳನ್ನು ಬರೆದುಕೊಳ್ಳುವ ಪುಸ್ತಕದಲ್ಲಿ, ಬಿದ್ದಿರಬೇಕು. ಫೆಬ್ರುವರಿ ಅರ್ಧ ಕಳೆಯಿತೆಂದರೆ ಎಲ್ಲರ ಲಕ್ಷ್ಯವೂ ಮಾರ್ಚ್ 31ರ ಕಡೆ ಹೊರಳುತ್ತದೆ. ತೆರಿಗೆ ವಸೂಲಿ, ಲೆಕ್ಕ ಮುಗಿಸುವುದು, ಬಜೆಟ್ಟು. ಆ ಗದ್ದಲದಲ್ಲಿ ಒಂದು ಗಾಡಿಯ ಕಡತ ಕೆಳಗೆ ಉಳಿದುಬಿಡುತ್ತದೆ, ಅದು ಮೇಲೆ ಬರುವಷ್ಟರಲ್ಲಿ ಸಾಲಿಯ ಬೇಸಿಗೆ ರಜೆ ಅರ್ಧ ಮುಗಿದಿರುತ್ತದೆ. ಕಬ್ಬಿನ ಹಾಲು, ಗಿರಮಿಟ್ಟು, ಹುರಿದ ಶೇಂಗಾ, ಈ ಮೂರು ಗಾಡಿಗಳ ಕಾಗದ ಓಡಾಡಿಸಿ ಹುಬ್ಬಳ್ಳಿಯಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಗೊತ್ತಿರಬೇಕಾದದ್ದು ಉದ್ಯಾನ ಯಾರದು ಅನ್ನೋದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಬೀದಿ ವ್ಯಾಪಾರಿ ಅಂದರೆ ಯಾರು ಎಂದು ಹೇಳುವಾಗ ರಸ್ತೆ, ಓಣಿ, ಫುಟ್‌ಪಾತ್ ಜೊತೆಗೆ ಸಾರ್ವಜನಿಕ ಉದ್ಯಾನವನ್ನೂ ಹೆಸರು ಹಿಡಿದು ಬರೆದಿದ್ದಾರೆ. ಹಾಗಂತ ಗೇಟಿನ ಒಳಗೂ ಹೊರಗೂ ಒಂದೇ ಕಾಗದ ನಡೆಯುತ್ತದೆ ಅಂತ ತಿಳಿಯಬಾರದು. ಒಳಗಿನ ಮಳಿಗೆ, ಕ್ಯಾಂಟೀನು ಸಾಮಾನ್ಯವಾಗಿ ಬಾಡಿಗೆಗೋ ಟೆಂಡರಿಗೋ ಹೋಗುತ್ತವೆ, ಅದರ ದಾರಿ ಬೇರೆ. ಹೊರಗಿನ ಗಾಡಿಗೆ ಬೇಕಾದದ್ದು ಬೀದಿ ವ್ಯಾಪಾರದ ಪ್ರಮಾಣಪತ್ರ, ಪರವಾನಗಿ ಅಂತ ನಾವು ಅನ್ನುವುದು ಇದನ್ನೇ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಉದ್ಯಾನಗಳು ಪಾಲಿಕೆಯವು, ಕೆಲವು ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ ಬಡಾವಣೆಗಳಲ್ಲಿವೆ, ಗಿಡಮರ ದಟ್ಟ ಇರುವ ಕೆಲವು ಕಡೆ ಅರಣ್ಯ ಇಲಾಖೆಯ ಫಲಕ ಕಾಣುತ್ತದೆ. ಗೇಟಿನ ಮೇಲಿನ ಫಲಕದ ಒಂದು ಫೋಟೊ ತೆಗೆದು ಅರ್ಜಿಗೆ ಹಚ್ಚಿದರೆ "ಇದು ನಮ್ಮದಲ್ರಿ, ಅಲ್ಲಿ ಹೋಗ್ರಿ" ಅನ್ನುವ ಮಾತು ಮೊದಲ ದಿನವೇ ತೀರುತ್ತದೆ. ಫಲಕ ನೋಡದೆ ಕೊಟ್ಟ ಅರ್ಜಿ ಎರಡು ಮೂರು ವಾರ ತಿರುಗಾಡಿ ವಾಪಸ್ ಬಂದದ್ದು ನಮಗೆ ಗೊತ್ತು.

ಇನ್ನು ಬಹಳ ಜನ ಎಡವುವ ಒಂದು ಶಬ್ದದ ಮಾತು. ನಮ್ಮ ಕಡೆ ಹಂಗಾಮು ಅಂದರೆ ಸುಗ್ಗಿಯ ಕಾಲ, ಬೆಳೆಯ ಕಾಲ: ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು. ಕಚೇರಿಯ ಕನ್ನಡದಲ್ಲಿ "ಹಂಗಾಮಿ" ಅಂದರೆ ತಾತ್ಕಾಲಿಕ. ಹಂಗಾಮಿ ನೌಕರ, ಹಂಗಾಮಿ ಅಧ್ಯಕ್ಷ ಅಂತಾರಲ್ಲ, ಆ ಅರ್ಥ. ಅರ್ಜಿಯಲ್ಲಿ "ಹಂಗಾಮಿ ಪರವಾನಗಿ ನವೀಕರಣ ಕುರಿತು" ಅಂತ ವಿಷಯ ಬರೆದರೆ ಕಡತ ನೋಡುವ ವಿಷಯ ನಿರ್ವಾಹಕರು ಅದನ್ನು ಹೀಗೆ ಓದುತ್ತಾರೆ: ಇದು ಒಂದು ಸಲಕ್ಕೆ ಕೊಟ್ಟದ್ದು, ಅವಧಿ ಮುಗಿಯಿತು, ಕಡತ ಮುಚ್ಚಿತು. "ಇದು ಹಂಗಾಮಿ ಐತಲ್ರೀ, ನವೀಕರಣ ಎಲ್ಲಿಂದ ಬರ್ತದ? ಹೊಸಾ ಅರ್ಜಿ ಕೊಡ್ರಿ" ಅನ್ನುವುದು ಅವರ ಉತ್ತರ. ಹೊಸ ಅರ್ಜಿ ಅಂದರೆ ಹಳೆಯ ಜಾಗದ ಹಿರಿತನ ಹೋಯಿತು, ಸರದಿಯ ಕೊನೆಗೆ ನಿಂತಂತಾಯಿತು. ಆದ್ದರಿಂದ ವಿಷಯದ ಸಾಲಿನಲ್ಲಿ ಹಂಗಾಮಿ ಅನ್ನುವ ಶಬ್ದವೇ ಬೇಡ. "ಬೇಸಿಗೆ ಅವಧಿಯ ಬೀದಿ ವ್ಯಾಪಾರ ಪ್ರಮಾಣಪತ್ರದ ನವೀಕರಣ" ಎಂದು ಬರೆದು, ಅದರ ಕೆಳಗೆ ಹಳೆಯ ಪತ್ರದ ಸಂಖ್ಯೆ, ಕೊಟ್ಟ ದಿನಾಂಕ, ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದನ್ನು ಅಂಕಿಯಲ್ಲಿ ಬರೆಯಬೇಕು. ಕಾಯ್ದೆಯ 9ನೇ ಕಲಮಿನಲ್ಲಿ ನವೀಕರಣದ ಮಾತಿದೆ. ಆ ಕಲಮಿನ ಸಂಖ್ಯೆಯನ್ನು ವಿಷಯದ ಸಾಲಿನಲ್ಲೇ ಸೇರಿಸಿದರೆ ಓದುವವರಿಗೂ ಅನುಕೂಲ.

ಹೆಸರಿನ ತೊಡಕು ಇದಕ್ಕಿಂತ ದೊಡ್ಡದು. ಗಾಡಿಯ ಮುಂದೆ ಕೂಡುವವರಲ್ಲಿ ಹೆಣ್ಣುಮಕ್ಕಳು ಬಹಳ, ನಮ್ಮ ಭಾಗದ ಹೆಸರುಗಳು ಅವ್ವದಲ್ಲಿ ಮುಗಿಯುತ್ತವೆ. ಯಲ್ಲವ್ವ ಅನ್ನುವ ಒಂದು ಹೆಸರನ್ನೇ ತೆಗೆದುಕೊಳ್ಳಿ. ಆಧಾರ್‌ನಲ್ಲಿ ಯಲ್ಲವ್ವ, ರೇಷನ್ ಕಾರ್ಡಿನಲ್ಲಿ ಎಲ್ಲವ್ವ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಯಲ್ಲಮ್ಮ, ಹಳೆಯ ಗುರುತಿನ ಚೀಟಿಯಲ್ಲಿ ಗಂಡನ ಹೆಸರು ಮುಂದೆ ಬಂದು ಅಡ್ಡಹೆಸರು ಬಿಟ್ಟುಹೋಗಿರುತ್ತದೆ. ಕನ್ನಡದಲ್ಲಿ ನೋಡಿದರೆ ಒಬ್ಬಳೇ ಅಂತ ಯಾರಿಗೂ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಒಂದು ವೈಯಿಂದ ಶುರುವಾದರೆ ಇನ್ನೊಂದು ಇಯಿಂದ ಶುರುವಾಗುತ್ತದೆ, ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು. ನವೀಕರಣಕ್ಕೆ ಕೂಡುವ ಮುನ್ನ ನಾಲ್ಕು ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು ಹೆಸರು, ಗಂಡನ ಅಥವಾ ತಂದೆಯ ಹೆಸರು, ಅಡ್ಡಹೆಸರು ಅಕ್ಷರ ಅಕ್ಷರ ಹೋಲಿಸಿ ನೋಡಬೇಕು: ಆಧಾರ್, ಹಳೆಯ ಪ್ರಮಾಣಪತ್ರ, ಪಾಸ್‌ಬುಕ್, ಆಹಾರ ನೋಂದಣಿ. ವ್ಯತ್ಯಾಸ ಕಂಡರೆ ಆಧಾರ್ ಹೇಗಿದೆಯೋ ಹಾಗೆ ಉಳಿದ ಮೂರನ್ನು ತಿದ್ದಿಸುವುದು ಹಗುರ. ಆಧಾರ್ ತಿದ್ದಿಸಲು ಹೋದರೆ ಅದಕ್ಕೆ ಹೊಂದಿಸಿದ ಬೇರೆಲ್ಲ ಕಾಗದವೂ ಅಲುಗಾಡುತ್ತದೆ. ಹೆಸರೇ ತಪ್ಪಾಗಿ ಬಿದ್ದಿದ್ದರೆ ಮಾತ್ರ ಅದಕ್ಕೆ ಕೈ ಹಾಕಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ಕೈಯಲ್ಲಿದೆಯೇ ಅನ್ನುವುದನ್ನೂ ಆಗಲೇ ನೋಡಿಕೊಳ್ಳಬೇಕು. ಸಿಮ್ ಕಳೆದು ಎರಡು ವರ್ಷವಾಗಿದ್ದರೆ ಒಟಿಪಿ ಯಾರ ಫೋನಿಗೋ ಹೋಗುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಪತ್ರದಲ್ಲಿ ವಾರ್ಡ್ ಸಂಖ್ಯೆ ಇರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮೊದಲು 67 ವಾರ್ಡುಗಳಿದ್ದವು, 2021ರ ಚುನಾವಣೆಯ ಹೊತ್ತಿಗೆ 82 ಆದವು. ಜಾಗ ಅದೇ, ಗೇಟು ಅದೇ, ವಾರ್ಡು ಬೇರೆ. ಬೀದಿ ವ್ಯಾಪಾರಿಗಳ ಹಳೆಯ ಸಮೀಕ್ಷೆಯ ಕಾಲದ ಚೀಟಿ ಇಟ್ಟುಕೊಂಡವರು ಎರಡೂ ಸಂಖ್ಯೆ ಬರೆಯಬೇಕು: "ಹಿಂದಿನ ವಾರ್ಡ್ ಇಷ್ಟು, ಈಗಿನ ವಾರ್ಡ್ ಇಷ್ಟು." ಹಾಗೆ ಬರೆಯದಿದ್ದರೆ ಸ್ಥಳ ಪರಿಶೀಲನೆಗೆ ಬರುವವರಿಗೆ ಕಡತದ ಜಾಗ ಬೇರೆ, ಗಾಡಿ ನಿಂತ ಜಾಗ ಬೇರೆ ಅನ್ನಿಸುತ್ತದೆ. ಜಾಗ ಬದಲಿಸಿದ್ದೀರಿ ಅಂತ ಒಮ್ಮೆ ಷರಾ ಬಿದ್ದರೆ ಅದನ್ನು ತೆಗೆಸುವುದು ಕಷ್ಟ.

ಹೀಗೆ ನಡೆದುಕೊಳ್ಳುತ್ತೇನೆ ಅಂತ ಬರೆದುಕೊಡುವ ಮುಚ್ಚಳಿಕೆ ಪತ್ರದಲ್ಲಿ ಮೂರು ಮಾತು ಇರುತ್ತವೆ, ಮೂರೂ ಕಾಯ್ದೆಯ 5ನೇ ಕಲಮಿನಿಂದ ಬಂದವು. ವ್ಯಾಪಾರವನ್ನು ತಾನೇ ಅಥವಾ ಮನೆಯವರ ಮೂಲಕ ಮಾಡುತ್ತೇನೆ, ಬೇರೆ ಜೀವನೋಪಾಯ ಇಲ್ಲ, ಪತ್ರವನ್ನಾಗಲಿ ಜಾಗವನ್ನಾಗಲಿ ಬಾಡಿಗೆ ಸೇರಿದಂತೆ ಯಾವ ರೀತಿಯಲ್ಲೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಎರಡನೆಯ ಮಾತು ಹಂಗಾಮಿನ ವ್ಯಾಪಾರಿಗೆ ಬಿಗಿಯಾದದ್ದು. ನಾಲ್ಕು ತಿಂಗಳು ಕಬ್ಬಿನ ಹಾಲು ಮಾರಿದವರು ಉಳಿದ ಎಂಟು ತಿಂಗಳು ಏನು ಮಾಡುತ್ತಾರೆ ಅಂತ ಕೇಳುವುದು ಸಹಜ. ಮಳೆಗಾಲಕ್ಕೆ ಗೊಂಜಾಳ ತೆನಿ ಸುಡುವವರು, ಚಳಿಗಾಲಕ್ಕೆ ಸೀತನಿ ಮಾರುವವರು ಇದ್ದಾರೆ. ಅವರಿಗೆ ನಮ್ಮ ಸಲಹೆ ಸ್ಪಷ್ಟ: ಬೇಸಿಗೆಯ ಪತ್ರವನ್ನು ನವೀಕರಿಸುತ್ತ ಕೂಡದೆ ಇಡೀ ವರ್ಷದ ಪತ್ರಕ್ಕೆ ಅರ್ಜಿ ಕೊಡಬೇಕು, ಯಾವ ತಿಂಗಳಲ್ಲಿ ಯಾವ ಮಾಲು ಅನ್ನುವುದನ್ನು ಅದರಲ್ಲಿ ಬರೆಯಬೇಕು. ಉಳಿದ ಕಾಲದಲ್ಲಿ ಕೂಲಿಗೆ ಹೋಗುವವರು ಅದನ್ನು ಮುಚ್ಚಿಡಬಾರದು, ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ ಬಾಯಿ ಬಿಟ್ಟು ಕೇಳಿ, ಅವರು ಹೇಳಿದಂತೆ ಬರೆಯಬೇಕು. ಸುಳ್ಳು ಹೇಳಿ ಪಡೆದ ಪತ್ರವನ್ನು 10ನೇ ಕಲಮಿನಡಿ ರದ್ದು ಮಾಡಲು ಬರುತ್ತದೆ. ಮೂರನೆಯ ಮಾತು ಮುರಿದು ಗಾಡಿಯನ್ನು ಹಂಗಾಮಿಗೆ ಇಷ್ಟು ಅಂತ ಬೇರೆಯವರಿಗೆ ಹಚ್ಚಿಕೊಟ್ಟವರ ನವೀಕರಣ ಅಲ್ಲಿಗೇ ನಿಲ್ಲುತ್ತದೆ. ಪತ್ರ ಇದ್ದವರು ತೀರಿಕೊಂಡರೆ ಅಥವಾ ಕಾಯಂ ಅಂಗವಿಕಲರಾದರೆ ಮಾತು ಬೇರೆ, ಆಗ ಗಂಡ ಅಥವಾ ಹೆಂಡತಿ, ಅವರಿಲ್ಲದಿದ್ದರೆ ಅವರನ್ನೇ ನಂಬಿದ ಮಗ, ಮಗಳು ಆ ಪತ್ರದ ಮೇಲೆ ಅದರ ಅವಧಿ ಮುಗಿಯುವ ತನಕ ವ್ಯಾಪಾರ ಮಾಡಬಹುದು.

ಪಾವತಿಗಳ, ಅಂದರೆ ರಸೀದಿಗಳ ವಿಚಾರ. ದಿನದ ಜಕಾತಿ ಕೊಟ್ಟು ಪಾವತಿ ಹರಿಸಿಕೊಂಡರೆ ಅದೇ ಪರವಾನಗಿ ಅಂತ ನಂಬಿದವರು ಬಹಳ. ಅಲ್ಲ. ಜಕಾತಿ ಪಾವತಿಯಿಂದ ಜಾಗದ ಹಕ್ಕು ಬರುವುದಿಲ್ಲ. ಆದರೆ ಅದನ್ನು ಎಸೆಯಲೂ ಬಾರದು. ಆ ದಿನ, ಆ ಜಾಗದಲ್ಲಿ ನೀವು ಇದ್ದಿರಿ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅವು ತೆಳ್ಳನೆಯ ಕಾಗದ, ಶಾಯಿ ಬೇಗ ಮಾಸುತ್ತದೆ, ಕಬ್ಬಿನ ಹಾಲಿನ ಅಂಟು ತಾಗಿದರೆ ಒಂದಕ್ಕೊಂದು ಹತ್ತಿಕೊಂಡು ಬಿಡಿಸಲು ಬರುವುದಿಲ್ಲ. ವಾರಕ್ಕೊಮ್ಮೆ ಬಿಳಿ ಹಾಳೆಗೆ ದಿನಾಂಕದ ಪ್ರಕಾರ ಹಚ್ಚಿ ಝೆರಾಕ್ಸ್ ತೆಗೆಸಿಡಬೇಕು. ಅರ್ಜಿಗೆ ಕೊಡುವುದು ಝೆರಾಕ್ಸು, ಮೂಲ ಮನೆಯಲ್ಲಿ. ಹಿಂದಿನ ಹಂಗಾಮಿನ ನಿರ್ವಹಣಾ ಶುಲ್ಕ, ಕಸದ ಶುಲ್ಕ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ, ಆ ಪಾವತಿಯನ್ನು ಎಲ್ಲದರ ಮೇಲೆ ಇಡುವುದು ಒಳ್ಳೆಯದು. ಬಾಕಿ ಕಂಡರೆ ಅದರ ಕೆಳಗಿನ ಕಾಗದ ಯಾರೂ ಓದುವುದಿಲ್ಲ.

ತಿನ್ನುವ ಕುಡಿಯುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. 14 ಅಂಕಿಯ ಸಂಖ್ಯೆ ಅದರ ಗುರುತು. ಅವಧಿ ಮುಗಿಯುವ ದಿನಾಂಕ ಹಂಗಾಮಿನ ನಡುವೆ ಬೀಳದಂತೆ ನೋಡಿಕೊಂಡರೆ ತಲೆನೋವು ಕಡಿಮೆ. ಅದರಲ್ಲಿ ಬರೆದ ವ್ಯಾಪಾರದ ಬಗೆಯೂ ಪ್ರಮಾಣಪತ್ರದ ಬಗೆಯೂ ತಾಳೆಯಾಗಬೇಕು. ಒಂದರಲ್ಲಿ ಹಣ್ಣಿನ ರಸ, ಇನ್ನೊಂದರಲ್ಲಿ ಚುರುಮರಿ ಅಂತಿದ್ದರೆ ಎರಡೂ ಪ್ರಶ್ನೆಗೆ ಗುರಿ. ಕಬ್ಬಿನ ಹಾಲಿನ ಗಾಡಿಗೆ ಆರೋಗ್ಯ ನಿರೀಕ್ಷಕರು ಮೊದಲು ನೋಡುವುದು ಐಸು. ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕು ಅನ್ನುವ ನಿಯಮ 2018ರಿಂದ ಇದೆ. ನೀಲಿ ಛಾಯೆ ಇರುವ ಗಡ್ಡೆ ಗಾಡಿಯ ಮೇಲೆ ಕಂಡರೆ, ಅದು ಬಾಟಲಿ ತಂಪು ಮಾಡಲಷ್ಟೇ ಇಟ್ಟದ್ದು ಅಂದರೂ ಯಾರೂ ಕೇಳುವುದಿಲ್ಲ. ಐಸ್ ತಂದ ಕಾರ್ಖಾನೆಯ ಬಿಲ್ಲು ಇಟ್ಟುಕೊಳ್ಳಬೇಕು. ಎರಡನೆಯದು ಗಾಣದ ಉರುಳೆಯ ಎರಡೂ ತುದಿ. ಅಲ್ಲಿ ಬೇರಿಂಗಿಗೆ ಹಚ್ಚಿದ ಗ್ರೀಸು ಕಪ್ಪಗೆ ಕರಗಿ ಹಾಲಿನ ತಟ್ಟೆಯ ಅಂಚಿಗೆ ಇಳಿದಿರುತ್ತದೆ. ಬೆಳಿಗ್ಗೆ ಮೊದಲ ಕಬ್ಬು ಕೊಡುವ ಮುನ್ನ ಬಿಳಿ ಅರಿವೆಯಿಂದ ಆ ತುದಿ ಒರೆಸಿ ನೋಡಿದರೆ ಗೊತ್ತಾಗುತ್ತದೆ. ಅರಿವೆ ಕಪ್ಪಾದರೆ ಪರಿಶೀಲನೆಗೆ ಬಂದವರ ಕರವಸ್ತ್ರವೂ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಲೋಟ, ಸ್ಟ್ರಾ 2022ರ ಜುಲೈ 1ರಿಂದ ದೇಶದಾದ್ಯಂತ ಬಂದ್. ಗಾಜಿನ ಗ್ಲಾಸು ಇಟ್ಟರೆ ತೊಳೆಯುವ ನೀರು ಎಲ್ಲಿಂದ ತರುತ್ತೀರಿ, ತೊಳೆದದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಉತ್ತರ ಇರಬೇಕು.

ಗಿರಮಿಟ್ಟು, ಮಿರ್ಚಿ ಗಾಡಿಯವರು ಸಿಲಿಂಡರಿನ ವಿಷಯದಲ್ಲಿ ಸಿಕ್ಕಿಬೀಳುತ್ತಾರೆ. ಮನೆಯ 14.2 ಕಿಲೋ ಸಿಲಿಂಡರು ವ್ಯಾಪಾರಕ್ಕೆ ನಡೆಯುವುದಿಲ್ಲ. ವಾಣಿಜ್ಯದ್ದು 19 ಕಿಲೋ, ಗಾಡಿಗೆ ಭಾರವಾಯಿತು ಅನ್ನುವವರಿಗೆ 5 ಕಿಲೋದ್ದೂ ಸಿಗುತ್ತದೆ. ತಿನಿಸನ್ನು ಹಳೆಯ ಪೇಪರಿನಲ್ಲಿ ಕಟ್ಟಿ ಕೊಡುವುದೂ ನಿಷಿದ್ಧ, ಅಚ್ಚಿನ ಶಾಯಿ ಎಣ್ಣೆಯೊಳಗೆ ಇಳಿಯುತ್ತದೆ ಅನ್ನುವುದು ಕಾರಣ. ಶೇಂಗಾ ತೂಗಿ ಕೊಡುವವರ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು, ಕಬ್ಬಿಣದ ತೂಕಗಳಿಗೆ ಎರಡು ವರ್ಷಕ್ಕೊಮ್ಮೆ. ಆ ಪ್ರಮಾಣಪತ್ರದ ಝೆರಾಕ್ಸು ಅರ್ಜಿಗೆ ಕೇಳದಿದ್ದರೂ ಹಚ್ಚಿಬಿಡಿ.

ಸ್ಥಳ ಪರಿಶೀಲನೆಗೆ ಮುಂಚೆ ನೀವೇ ಒಂದು ಫೋಟೊ ತೆಗೆದು ಅರ್ಜಿಗೆ ಹಚ್ಚುವುದು ಬಹಳ ಉಪಯೋಗದ್ದು. ದಿನಾಂಕ, ಸಮಯ, ಜಾಗದ ಅಕ್ಷಾಂಶ ರೇಖಾಂಶ ಮೂಡುವ ಕ್ಯಾಮೆರಾ ಆ್ಯಪ್ ಬಳಸಬೇಕು. ಬೆಳಿಗ್ಗೆ ಎಂಟರ ಹೊತ್ತಿಗೆ, ಗಿರಾಕಿ ಸೇರುವ ಮೊದಲು, ಹತ್ತು ಹನ್ನೆರಡು ಹೆಜ್ಜೆ ಹಿಂದೆ ಸರಿದು ನಿಂತರೆ ಒಂದೇ ಚಿತ್ರದಲ್ಲಿ ಉದ್ಯಾನದ ಗೇಟು, ಗಾಡಿಯ ಗಾಲಿಗಳು, ಮಂದಿ ಓಡಾಡಲು ಬಿಟ್ಟ ಜಾಗ, ಕಸದ ಡಬ್ಬಿ ಎಲ್ಲ ಬರುತ್ತವೆ. ಗಾಲಿ ಕಾಣಲೇಬೇಕು. ಗಾಲಿ ತೆಗೆದು ಕಲ್ಲಿನ ಮೇಲೆ ಕೂಡಿಸಿದ ಗಾಡಿಯನ್ನು ಗಾಡಿ ಅನ್ನುವುದಿಲ್ಲ.

ಅಳತೆಯಲ್ಲಿ ನಡೆಯುವ ತಪ್ಪು ಹೀಗೆ. ಪತ್ರದಲ್ಲಿ ಆರು ಅಡಿ ನಾಲ್ಕು ಅಡಿ ಅಂತ ಇರುತ್ತದೆ, ಗಾಡಿಯೂ ಅಷ್ಟೇ ಇರುತ್ತದೆ. ಆದರೆ ಬಿಸಿಲಿಗೆ ಮುಂದೆ ಎತ್ತಿ ಕಟ್ಟಿದ ತಗಡು ಎರಡು ಅಡಿ, ಪಕ್ಕದಲ್ಲಿ ಕಬ್ಬಿನ ಹೊರೆ ಎರಡು ಅಡಿ, ಗಿರಾಕಿಗೆ ಹಾಕಿದ ಎರಡು ಸ್ಟೂಲು. ಟೇಪು ಹಿಡಿದವರು ಇವನ್ನೆಲ್ಲ ಸೇರಿಸಿ ಅಳೆಯುತ್ತಾರೆ. ಕಬ್ಬನ್ನು ನಿಲ್ಲಿಸಿ ಗಾಡಿಗೇ ಕಟ್ಟಿದರೆ, ತಗಡನ್ನು ಮಡಚುವಂಥದ್ದು ಮಾಡಿಸಿದರೆ ಈ ತಕರಾರು ಇಲ್ಲ. ಮರದ ಮಾತು ಇನ್ನೂ ಸೂಕ್ಷ್ಮ. ನೆರಳಿಗೆ ತಾಡಪತ್ರಿ ಕಟ್ಟಲು ಉದ್ಯಾನದ ಅಂಚಿನ ಮರಕ್ಕೆ ಮೊಳೆ ಹೊಡೆದಿದ್ದರೆ ತೋಟಗಾರಿಕೆ ವಿಭಾಗದಿಂದ ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಮೊಳೆಯ ತೂತಿನಿಂದ ಅಂಟು ಸೋರಿ ತೊಗಟೆ ಕೊಳೆಯುತ್ತದೆ, ನಾಲ್ಕು ಹಂಗಾಮು ಹೊಡೆಸಿಕೊಂಡ ಮರ ಒಂದು ಕಡೆ ಒಣಗಿದ್ದನ್ನು ನೋಡಿದ್ದೇವೆ. ಆ ಮರದ ನೆರಳು ಇಲ್ಲದಿದ್ದರೆ ಏಪ್ರಿಲ್ ಮಧ್ಯಾಹ್ನ ಅಲ್ಲಿ ಗಿರಾಕಿಯೂ ನಿಲ್ಲುವುದಿಲ್ಲ. ನಾಲ್ಕು ಕೋಲು ಗಾಡಿಗೇ ಕೂಡಿಸಿ ಅದರ ಮೇಲೆ ತಾಡಪತ್ರಿ ಹೊದಿಸಬಹುದು. ಹಿಂಡಿದ ಕಬ್ಬಿನ ಸಿಪ್ಪೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಅರ್ಜಿಯಲ್ಲೇ ಒಂದು ಸಾಲು ಬರೆಯಿರಿ. ದನ ಸಾಕಿದವರು ಸಂಜೆ ಒಯ್ಯುತ್ತಾರೆ ಅಂತಿದ್ದರೆ ಹಾಗೆಯೇ.

ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಬೇಕು. ಒಂದು ಒಳಗೆ, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು. "ಇಟ್ಟು ಹೋಗ್ರಿ, ನಾಳೆ ಹಚ್ತೀವಿ" ಅಂದರೆ ಮರುದಿನ ಬರುತ್ತೇವೆ ಅಂತ ಹೇಳಿ ಕಾಗದ ವಾಪಸ್ ಒಯ್ಯುವುದೇ ಮೇಲು. ಆವಕ ಸಂಖ್ಯೆ ಇಲ್ಲದ ಅರ್ಜಿ ಕೊಟ್ಟದ್ದಕ್ಕೆ ಲೆಕ್ಕವಿಲ್ಲ, ಕಳೆದರೆ ಹುಡುಕುವ ದಾರಿಯೂ ಇಲ್ಲ. ಲಗತ್ತುಗಳಿಗೆ ಪುಟ ಸಂಖ್ಯೆ ಹಾಕಿ, ಮೊದಲ ಹಾಳೆಯಲ್ಲಿ ಒಟ್ಟು ಇಷ್ಟು ಪುಟ ಅಂತ ಬರೆದರೆ ನಡುವಿನದೊಂದು ಉದುರಿದರೂ ತಿಳಿಯುತ್ತದೆ.

ಅಲ್ಲಿಂದ ಮುಂದೆ ಅರ್ಜಿ ಹೋಗುವುದು ಕಾಯ್ದೆಯ ಪ್ರಕಾರದ ಪಟ್ಟಣ ಮಾರಾಟ ಸಮಿತಿಯ ಮುಂದೆ. ಪಾಲಿಕೆ ಆಯುಕ್ತರು ಅದರ ಅಧ್ಯಕ್ಷರು, ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರು ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಣ್ಣುಮಕ್ಕಳು. ನಿಮ್ಮ ಕಡೆಯಿಂದ ಆರಿಸಿ ಹೋದವರು ಯಾರು ಅಂತ ತಿಳಿದುಕೊಂಡು ಆವಕ ಸಂಖ್ಯೆಯನ್ನು ಅವರಿಗೆ ಕೊಟ್ಟಿರಬೇಕು. ಸಭೆಯ ದಿನ ಕಡತ ಮೇಜಿನ ಮೇಲೆ ಇದೆಯೇ ಅಂತ ಕೇಳಲು ಅವರಿಗೆ ಅಧಿಕಾರ ಇದೆ, ಅದು ವಶೀಲಿಯ ಮಾತಲ್ಲ.

ಮಂಜೂರಾದ ಮೇಲೆ ಚಲನ್. ಇಲ್ಲಿ ಬೀಳುವ ಪೆಟ್ಟು ಲೆಕ್ಕ ಶೀರ್ಷಿಕೆಯದು, ಅಂದರೆ ಹಣ ಯಾವ ಬಾಬ್ತಿಗೆ ಜಮಾ ಅನ್ನುವುದರದು. ಅವಸರದಲ್ಲಿ ಅಂಗಡಿಯ ಉದ್ದಿಮೆ ಪರವಾನಗಿಯ ಶೀರ್ಷಿಕೆಗೆ ಹಣ ಕಟ್ಟಿದರೆ ಹಣ ಪಾಲಿಕೆಗೇ ಹೋಗಿರುತ್ತದೆ, ಆದರೆ ನಿಮ್ಮ ಕಡತದಲ್ಲಿ ಜಮಾ ಕಾಣುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ವರ್ಗ ಮಾಡಿಸಲು ಮತ್ತೊಂದು ಅರ್ಜಿ ಬೇಕು. ಕಟ್ಟುವ ಮೊದಲು ಚಲನ್‌ನಲ್ಲಿ ಹೆಸರು, ಶೀರ್ಷಿಕೆ, ಮೊತ್ತ ಮೂರನ್ನೂ ಓದಿಸಿ ಕೇಳಿ. ಫೋನಿನಿಂದ ಕಟ್ಟಿದರೆ ವ್ಯವಹಾರ ಸಂಖ್ಯೆ ಕಾಣುವ ಪರದೆಯನ್ನು ಆಗಿಂದಾಗ ಅಚ್ಚು ಹಾಕಿಸಿಕೊಳ್ಳಬೇಕು.

ಈ ನಡುವೆ ಹಂಗಾಮು ಶುರುವಾಗಿ, ಹೊಸ ಪತ್ರ ಕೈಗೆ ಬಂದಿಲ್ಲದಿದ್ದಾಗಲೇ ಗಾಡಿ ಎತ್ತುವ ಪ್ರಸಂಗ ಬರುತ್ತದೆ. ಮೊಹರಿನ ಪ್ರತಿ ಇದ್ದರೆ ತೋರಿಸಬಹುದು, ಆದರೆ ಅದು ಪತ್ರಕ್ಕೆ ಸಮ ಅಲ್ಲ. ಗಾಡಿ, ಮಾಲು ಜಪ್ತಿ ಆದರೆ ಆ ಜಾಗದಲ್ಲೇ ಯಾದಿ ಬರೆಸಿಕೊಂಡು ಸಹಿ ಮಾಡಿಸಿಕೊಳ್ಳಬೇಕು: ಗಾಣ ಒಂದು, ಮೋಟರ್ ಒಂದು, ಕಬ್ಬು ಇಷ್ಟು, ನಿಂಬೆಹಣ್ಣು ಇಷ್ಟು. 19ನೇ ಕಲಮಿನ ಪ್ರಕಾರ ಕೆಡುವ ಮಾಲನ್ನು ಕೇಳಿದ ದಿನವೇ, ಕೆಡದ ಮಾಲನ್ನು ಕೇಳಿದ ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಯಾದಿಯಲ್ಲಿ ಕಬ್ಬು ಅಂತ ಬರೆಸದಿದ್ದರೆ ಅದನ್ನು ಕೇಳುವುದು ಹೇಗೆ? ಸಂಜೆಗೆ ತುದಿ ಕೆಂಪಾಗಿ, ಮರುದಿನ ಹಿಂಡಿದರೆ ಹುಳಿ ವಾಸನೆ ಬರುವ ಮಾಲು ಅದು. ಜಾಗದಿಂದ ಪೂರ್ತಿ ತೆರವು ಮಾಡಿಸುವುದಾದರೆ 18ನೇ ಕಲಮಿನಂತೆ 30 ದಿನದ ನೋಟಿಸು ಬೇಕು. ನವೀಕರಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಅದರ ಮೇಲೆ ಮೇಲ್ಮನವಿ ಇದೆ. ಬಾಯಿಮಾತಿನ "ಆಗೂದಿಲ್ಲ" ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಪತ್ರ ಕೈಗೆ ಬಂದ ದಿನ ಕೌಂಟರ್ ಬಿಟ್ಟು ಕದಲುವ ಮೊದಲು ಹೆಸರು, ಜಾಗ, ಮಾಲು, ದಿನಾಂಕ ಓದಿ ನೋಡಬೇಕು. ಲ್ಯಾಮಿನೇಶನ್ ಮಾಡಿಸಬೇಡಿ. ಮುಂದಿನ ನವೀಕರಣದ ಷರಾ, ಮೊಹರು ಹಿಂಬದಿಯಲ್ಲಿ ಬೀಳಬೇಕಾದರೆ ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ. ಮೂಲ ಪತ್ರ ಮನೆಯ ಕಡತದಲ್ಲಿ, ಝೆರಾಕ್ಸು ಪಾರದರ್ಶಕ ಚೀಲದಲ್ಲಿ ಗಾಡಿಯ ಎದುರಿಗೆ.

ಹಂಗಾಮು ಮುಗಿದ ದಿನ ಇನ್ನೊಂದು ಕೆಲಸ ಇದೆ, ಇದನ್ನು ಮಾಡುವವರು ಕಡಿಮೆ. ಗಾಡಿ ಎಳೆದ ಮೇಲೆ ಜಾಗ ತೊಳೆದು, ಖಾಲಿ ಜಾಗದ ಫೋಟೊ ತೆಗೆದು, ಅದೇ ಗೇಟು, ಅದೇ ಮರ ಕಾಣುವಂತೆ, ನಾಲ್ಕು ಸಾಲಿನ ಪತ್ರ ಬರೆಯಬೇಕು: ಪ್ರಮಾಣಪತ್ರ ಸಂಖ್ಯೆ ಇಷ್ಟು, ಅವಧಿ ಇಂದಿಗೆ ಮುಗಿದಿದೆ, ಜಾಗ ತೆರವು ಮಾಡಿ ಸ್ವಚ್ಛ ಮಾಡಿದ್ದೇವೆ, ಬರುವ ಬೇಸಿಗೆಗೆ ಇದೇ ಜಾಗದ ನವೀಕರಣಕ್ಕೆ ಅರ್ಜಿ ಕೊಡುವವರಿದ್ದೇವೆ. ಅದನ್ನೂ ಆವಕದಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡರೆ, ಜನವರಿಯಲ್ಲಿ ತೆರೆಯುವ ಕಡತದ ಮೊದಲ ಹಾಳೆ ಸಿದ್ಧವಾಗಿರುತ್ತದೆ.